ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಇವಿ ಚಾರ್ಜರ್: ಸರ್ಕಾರದ ಪಾಲಿಸಿ ತೋರಿಸಿದ್ರೆ ಅಸೋಸಿಯೇಷನ್ ಒಪ್ಪಲೇಬೇಕಾ?

ಪ್ರಶ್ನೆ: ಸರ್, ಬೆಂಗಳೂರು ದಕ್ಷಿಣದ ಕಡೆ 60 ಫ್ಲ್ಯಾಟ್ ಇರೋ ಅಪಾರ್ಟ್‌ಮೆಂಟಲ್ಲಿ ನಮ್ಮ ಸ್ವಂತ ಮನೆ ಇದೆ. 15 ಲಕ್ಷದ ಒಳಗೆ ಒಂದು ಎಲೆಕ್ಟ್ರಿಕ್ ಕಾರ್ ನೋಡಿದೀನಿ. ಬೇಸ್‌ಮೆಂಟಲ್ಲಿ ನನ್ನ ಪಾರ್ಕಿಂಗ್ ಜಾಗದಲ್ಲಿ ಚಾರ್ಜರ್ ಹಾಕ್ಕೋತೀನಿ ಅಂದ್ರೆ ಅಸೋಸಿಯೇಷನ್‌ನವರು ಬೆಂಕಿ ಹತ್ಕೊಳತ್ತೆ, ಲೋಡ್ ಸಾಲಲ್ಲ, ಒಬ್ರಿಗೆ ಕೊಟ್ರೆ ಎಲ್ರಿಗೂ ಕೊಡ್ಬೇಕಾಗತ್ತೆ ಅಂತ ಬಾಯಿಮಾತಲ್ಲೇ ಬೇಡ ಅಂದ್ಬಿಟ್ರು. ಕರ್ನಾಟಕದಲ್ಲಿ ಇವಿ ಪಾಲಿಸಿ ಇದೆಯಲ್ಲ, ಅದನ್ನ ತೋರಿಸಿ ಕೇಳಬಹುದಾ? ರೋಡ್ ಟ್ಯಾಕ್ಸ್ ಇಲ್ಲ, ಸಬ್ಸಿಡಿ ಇದೆ ಅಂತಾರಲ್ಲ ಅದೆಲ್ಲ ಎಷ್ಟು ನಿಜ? ನಮ್ಮಣ್ಣ ಕ್ಯಾಲಿಫೋರ್ನಿಯಾದಲ್ಲಿದಾನೆ, ಅಲ್ಲಿ ಚಾರ್ಜರ್ ಹಾಕೋದು ಹಕ್ಕು ಅಂತ ಕಾನೂನೇ ಇದೆಯಂತೆ, ನಮ್ಮಲ್ಲಿ ಯಾಕಿಲ್ಲ?

ಉತ್ತರ: ಮೊದಲು ನೇರವಾಗಿ ಹೇಳ್ಬಿಡ್ತೀನಿ, ಪಾಲಿಸಿ ಪ್ರಿಂಟ್ ತಗೊಂಡು ಹೋಗಿ ಅಸೋಸಿಯೇಷನ್ ಮೀಟಿಂಗಲ್ಲಿ ಟೇಬಲ್ ಮೇಲೆ ಇಟ್ರೆ ಏನೂ ಆಗಲ್ಲ. ಅದರಲ್ಲಿ ನಿಮ್ಮ ಪಾರ್ಕಿಂಗ್ ಜಾಗದ ಬಗ್ಗೆ ಅಸೋಸಿಯೇಷನ್‌ನ ಕಟ್ಟಿಹಾಕೋ ಮಾತು ಒಂದೂ ಇಲ್ಲ. ಆದ್ರೆ ನಿಮ್ಮ ಕೈ ಖಾಲಿ ಅಂತ ಅಲ್ಲ, ನಿಮಗೆ ಬೇಕಾದ್ದು ಬೇರೆ ಕಡೆ ಇದೆ. ವಿದ್ಯುತ್ ನಿಯಮಗಳಲ್ಲಿ ಇದೆ, ಕರೆಂಟ್ ದರದ ಟ್ಯಾರಿಫ್ ಆರ್ಡರಲ್ಲಿ ಇದೆ, ನಿಮ್ಮ ಅಪಾರ್ಟ್‌ಮೆಂಟ್ ಬೈಲಾದಲ್ಲೂ ಸ್ವಲ್ಪ ಇರಬಹುದು. ಜನ ಪಾಲಿಸಿ ಬೇರೆ ಕಾಯ್ದೆ ಬೇರೆ ಅನ್ನೋದನ್ನ ಒಂದೇ ಅಂದ್ಕೊಂಡು ತಪ್ಪು ಬಾಗಿಲು ತಟ್ತಾರೆ, ತಟ್ಟಿ ತಟ್ಟಿ ಸುಸ್ತಾಗಿ ಕೊನೆಗೆ ಪೆಟ್ರೋಲ್ ಕಾರೇ ತಗೋತಾರೆ.

ನಮ್ಮ ರಾಜ್ಯದ ಕತೆ ಹೀಗಿದೆ. ದೇಶದಲ್ಲೇ ಮೊದಲು ಇವಿ ಪಾಲಿಸಿ ತಂದಿದ್ದು ಕರ್ನಾಟಕ, 2017ರಲ್ಲಿ. ವಿದ್ಯುತ್ ವಾಹನ ಮತ್ತು ಶಕ್ತಿ ಸಂಗ್ರಹ ನೀತಿ ಅಂತ ಅದರ ಹೆಸರು. 31,000 ಕೋಟಿ ಬಂಡವಾಳ, 55,000 ಕೆಲಸ ಅಂತ ಗುರಿ ಹಾಕ್ಕೊಂಡಿದ್ರು, 2030ರ ಹೊತ್ತಿಗೆ ಆಟೋ, ಕ್ಯಾಬ್ ಕಂಪನಿ ಗಾಡಿಗಳು, ಸ್ಕೂಲ್ ವ್ಯಾನ್ ಎಲ್ಲಾ ಕರೆಂಟಲ್ಲೇ ಓಡಬೇಕು ಅಂತಾನೂ ಬರೆದಿದ್ರು. 2021ರಲ್ಲಿ ತಿದ್ದುಪಡಿ ಮಾಡಿ ಕಾರ್ಖಾನೆ ಹಾಕೋರಿಗೆ ಬಂಡವಾಳ ಸಬ್ಸಿಡಿ ಸೇರಿಸಿದ್ರು. 2025ರ ಫೆಬ್ರವರಿಯಲ್ಲಿ ಇನ್ವೆಸ್ಟ್ ಕರ್ನಾಟಕ ಸಮಾವೇಶದಲ್ಲಿ 2025-30ರ ಕ್ಲೀನ್ ಮೊಬಿಲಿಟಿ ಪಾಲಿಸಿ ಬಂತು, ಅದರ ಗುರಿ 50,000 ಕೋಟಿ ಬಂಡವಾಳ, 1 ಲಕ್ಷ ಕೆಲಸ. ಈ ಮೂರನ್ನೂ ಒಟ್ಟಿಗೆ ಓದಿದ್ರೆ ಒಂದು ವಿಷಯ ಕಣ್ಣಿಗೆ ಹೊಡೆಯತ್ತೆ. ಇದು ಹೆಚ್ಚಾಗಿ ಗಾಡಿ ಮಾಡೋರಿಗೆ, ಬ್ಯಾಟರಿ ಮಾಡೋರಿಗೆ, ಚಾರ್ಜಿಂಗ್ ಸ್ಟೇಷನ್ ಹಾಕೋ ಕಂಪನಿಗಳಿಗೆ ಬರೆದ ಕರೆಯೋಲೆ. ಗಾಡಿ ಕೊಳ್ಳೋ ನಮಗೆ ನಿಮಗೆ ಅಲ್ಲಿರೋದು ಅಲ್ಪ ಸ್ವಲ್ಪ. ಅದರಲ್ಲಿ ತಪ್ಪೇನೂ ಇಲ್ಲ ಬಿಡಿ, ಪಕ್ಕದ ರಾಜ್ಯದವರು ಬಲವಾಗಿ ಎಳೀತಿರೋವಾಗ ಇವರು ಸುಮ್ನಿರೋ ಹಾಗಿಲ್ಲ. ಏಥರ್, ಓಲಾ ಎರಡೂ ಬೆಂಗಳೂರಿನ ಕಂಪನಿಗಳೇ, ಫ್ಯಾಕ್ಟರಿ ಹಾಕಿದ್ದು ಮಾತ್ರ ಒಂದು ಹೊಸೂರಲ್ಲಿ, ಇನ್ನೊಂದು ಅದೇ ಕೃಷ್ಣಗಿರಿ ಜಿಲ್ಲೆಯಲ್ಲಿ. ಅತ್ತಿಬೆಲೆ ದಾಟಿದ್ರೆ ಆಯ್ತು, ತಮಿಳುನಾಡು. ಆ ಹೊಟ್ಟೆಯುರಿ ನಮ್ಮ ಪಾಲಿಸಿಗಳ ಹಿಂದೆ ಇದ್ದೇ ಇದೆ ಅಂತ ನನ್ನ ಅನಿಸಿಕೆ.

ಪಾಲಿಸಿ ಅಂದ್ರೆ ಸರ್ಕಾರ ಹೀಗೆ ಮಾಡ್ತೀವಿ ಅಂತ ಹೇಳೋ ಮಾತು. ಅದನ್ನ ಸರ್ಕಾರ ಆದೇಶ, ಅಧಿಸೂಚನೆ, ಕಾಯ್ದೆ ತಿದ್ದುಪಡಿ ಮಾಡಿ ಜಾರಿಗೆ ತಂದಾಗ ಮಾತ್ರ ನಮಗೆ ಹಿಡ್ಕೊಳಕ್ಕೆ ಏನಾದ್ರೂ ಸಿಗತ್ತೆ, ಅದೂ ಯಾವಾಗ ಬೇಕಾದ್ರೂ ವಾಪಸ್ ಹೋಗಬಹುದು. ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿದೇ ನೋಡಿ. 2021ರಲ್ಲಿ ಇದೇ ರಾಜ್ಯ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿ ಸ್ಕೀಮ್ ತಂತು, 2024ರ ಮಾರ್ಚಲ್ಲಿ ಇದೇ ರಾಜ್ಯ ಅದನ್ನ ವಾಪಸ್ ತಗೊಂಡ್ತು. ಅದನ್ನ ನಂಬಿ ಸ್ಕೂಟರ್‌ಗೆ ಸಾಲ ಮಾಡಿದೋರು ಯಾರ ಹತ್ರ ಕೇಳ್ಬೇಕು? ಹಾಗಾಗಿ ಯಾವುದೇ ಇವಿ ಸವಲತ್ತು ಬಗ್ಗೆ ಯಾರಾದ್ರೂ ಹೇಳಿದ್ರೆ ನಾನು ಮೊದಲು ಕೇಳೋ ಪ್ರಶ್ನೆ, ಇದು ಯಾವ ಕಾಯ್ದೆ, ಯಾವ ಸೆಕ್ಷನ್, ಯಾವ ಆದೇಶದಲ್ಲಿದೆ ಅಂತ.

ಯಾರ ಕೈಯಲ್ಲಿ ಏನಿದೆ ಅನ್ನೋದೂ ಗೊತ್ತಿರ್ಬೇಕು. ಗಾಡಿ ಮೇಲಿನ ಟ್ಯಾಕ್ಸ್ ಪೂರ್ತಿ ರಾಜ್ಯದ ಪಟ್ಟಿ. ವಿದ್ಯುತ್, ಮೋಟಾರು ವಾಹನ ಎರಡೂ ಸಮವರ್ತಿ ಪಟ್ಟಿ, ಅಂದ್ರೆ ಕೇಂದ್ರ ರಾಜ್ಯ ಇಬ್ರೂ ಕಾನೂನು ಮಾಡಬಹುದು. ಜಾಗ, ಕಟ್ಟಡ, ಪಾರ್ಕಿಂಗ್ ಎಲ್ಲಾ ಮತ್ತೆ ರಾಜ್ಯದ್ದು. ನಿಮ್ಮ ಒಂದು ಚಾರ್ಜರ್‌ಗೆ ಈ ಮೂರೂ ತಾಗತ್ತೆ, ಅದಕ್ಕೇ ಇಷ್ಟು ಗೋಜಲು.

ಟ್ಯಾಕ್ಸ್ ವಿಷಯ ಮುಗಿಸ್ಬಿಡೋಣ. ಪೆಟ್ರೋಲ್ ಕಾರ್‌ಗಳಿಗೆ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ದೇಶದಲ್ಲೇ ಜಾಸ್ತಿ ಇರೋದರಲ್ಲಿ ಒಂದು. 10 ಲಕ್ಷದಿಂದ 20 ಲಕ್ಷದೊಳಗಿನ ಗಾಡಿಗೆ 17 ಪರ್ಸೆಂಟ್, ಅದರ ಮೇಲೆ ಸೆಸ್. 15 ಲಕ್ಷದ ಪೆಟ್ರೋಲ್ ಕಾರಿಗೆ ಟ್ಯಾಕ್ಸೇ 2,55,000, ಸೆಸ್ ಸೇರಿಸಿದ್ರೆ ಎರಡು ಮುಕ್ಕಾಲು ಲಕ್ಷ ದಾಟತ್ತೆ. ಎಲೆಕ್ಟ್ರಿಕ್ ಗಾಡಿಗಳಿಗೆ 2016ರಿಂದ ಇದಕ್ಕೆ ಪೂರ್ತಿ ವಿನಾಯಿತಿ ಇತ್ತು, ರಾಜ್ಯದಲ್ಲಿ ಇವಿ ಇಷ್ಟು ಓಡಕ್ಕೆ ಬೇರೆ ಯಾವ ಪಾಲಿಸಿಗಿಂತ ಇದೇ ಒಂದು ಸಾಲು ಕಾರಣ ಅಂತ ನಾನು ಧೈರ್ಯವಾಗಿ ಹೇಳ್ತೀನಿ. 2024ರಲ್ಲಿ 1957ರ ಮೋಟಾರು ವಾಹನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ 10 ಪರ್ಸೆಂಟ್ ಹಾಕಿದ್ರು. ದುಡ್ಡಿರೋರ ಗಾಡಿಗೆ ತಾನೆ ಅಂತ ಆಗ ಯಾರೂ ಅಷ್ಟು ತಲೆಕೆಡಿಸ್ಕೊಳ್ಳಲಿಲ್ಲ, ಆದ್ರೆ ಅಲ್ಲಿಗೆ ಒಂದು ವಿಷಯ ಗೊತ್ತಾಯ್ತು, ಈ ವಿನಾಯಿತಿ ಅನ್ನೋದು ಕಾಯ್ದೆಯ ಶೆಡ್ಯೂಲಲ್ಲಿ, ಅಂದ್ರೆ ದರಗಳ ಪಟ್ಟಿಯಲ್ಲಿ, ಬರೀ ಒಂದು ಸಾಲು, ವಿಧಾನಸೌಧದಲ್ಲಿ ಒಂದು ಮಧ್ಯಾಹ್ನದಲ್ಲಿ ಬದಲಾಗಬಹುದು. ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿಸ್ಕೊಳ್ಳೋದು ಗಾಡಿ ರಿಜಿಸ್ಟರ್ ಆಗೋವಾಗ, ನೀವು ಬುಕ್ ಮಾಡಿದ ದಿನ ಅಲ್ಲ. ಡೆಲಿವರಿ ಮೂರು ತಿಂಗಳು ತಡ ಆಗಿ ನಡುವೆ ಬಜೆಟ್ ಬಂದ್ರೆ ಹೊಸ ರೇಟೇ ನಿಮಗೆ. ಹಾಗಾಗಿ ಡೀಲರ್ ಹತ್ರ ಆನ್‌ರೋಡ್ ಕೊಟೇಶನ್ ಬರಹದಲ್ಲಿ ತಗೊಳ್ಳಿ, ಟ್ಯಾಕ್ಸ್ ಕಾಲಮ್ ಬೇರೆಯಾಗೇ ಇರಲಿ. ಹೋಲಿಕೆಗೆ ಬೇಕಂದ್ರೆ, ತೆಲಂಗಾಣದವರು 2024ರ ನವೆಂಬರಲ್ಲಿ ರೋಡ್ ಟ್ಯಾಕ್ಸ್, ರಿಜಿಸ್ಟ್ರೇಶನ್ ಫೀಸ್ ಎರಡನ್ನೂ 2026ರ ಡಿಸೆಂಬರ್ ಕೊನೆವರೆಗೆ ಮಾಫಿ ಅಂತ ತಾರೀಖು ಹಾಕಿ ಆದೇಶ ಮಾಡಿದ್ರು. ಕೊಳ್ಳೋನಿಗೆ ಬೇಕಾಗಿರೋದು ಅದು, ಯಾವತ್ತಿನವರೆಗೆ ಅಂತ ಗೊತ್ತಾಗೋದು. ಅದೊಂದರಲ್ಲಿ ಅವರು ನಮಗಿಂತ ಮೇಲು.

ಸಬ್ಸಿಡಿ? ನಿಮ್ಮ ಕಾರಿಗೆ ಇಲ್ಲ. ಕೇಂದ್ರದ ಇವಿ ಸಬ್ಸಿಡಿ ಯೋಜನೆ ಫೇಮ್, ಅದರ ಎರಡನೇ ಹಂತ 2024ರ ಮಾರ್ಚ್‌ಗೆ ಮುಗೀತು, ಅದರಲ್ಲೂ ಸ್ವಂತಕ್ಕೆ ಇಟ್ಕೊಳ್ಳೋ ಕಾರಿಗೆ ಇರಲಿಲ್ಲ, ಟ್ಯಾಕ್ಸಿ ತರದ ಬಾಡಿಗೆ ಗಾಡಿಗೆ ಮಾತ್ರ. ಈಗಿನ ಪಿಎಂ ಇ-ಡ್ರೈವ್ 2024ರ ಅಕ್ಟೋಬರಲ್ಲಿ 10,900 ಕೋಟಿಗೆ ಶುರುವಾಗಿದ್ದು, ಅದರಲ್ಲಂತೂ ಕಾರಿಗೇ ಇಲ್ಲ, ಟ್ಯಾಕ್ಸಿಗೂ ಇಲ್ಲ. ಅದರಲ್ಲಿ 2,000 ಕೋಟಿ ಪಬ್ಲಿಕ್ ಚಾರ್ಜಿಂಗ್‌ಗೆ ಅಂತ ಎತ್ತಿಟ್ಟಿದಾರೆ, ನಿಮ್ಮ ಬೇಸ್‌ಮೆಂಟ್ ಅದಕ್ಕೆ ಬರಲ್ಲ. ಜಿಎಸ್‌ಟಿ 5 ಪರ್ಸೆಂಟ್ ಇರೋದೇ ಕೇಂದ್ರದಿಂದ ನಿಮಗೆ ಸಿಗೋ ದೊಡ್ಡ ಲಾಭ, 2019ರ ಆಗಸ್ಟಿಂದ ಇದೆ, ಚಾರ್ಜರ್‌ಗೂ ಅದೇ 5. ಸಾಲದ ಬಡ್ಡಿ ಮೇಲೆ ಇನ್‌ಕಮ್ ಟ್ಯಾಕ್ಸ್ ವಿನಾಯಿತಿ ಇದೆ ಅಂತ ಇನ್ನೂ ಕೆಲವು ಶೋರೂಮಲ್ಲಿ ಹೇಳ್ತಾರೆ, ನಂಬಬೇಡಿ, ಅದು 2023ರ ಮಾರ್ಚ್ ಒಳಗೆ ಮಂಜೂರಾದ ಸಾಲಕ್ಕೆ ಮಾತ್ರ.

ಈಗ ಚಾರ್ಜರ್‌ಗೆ ಬರೋಣ, ನಿಜವಾದ ತಲೆನೋವು ಅದೇ.

ಕರೆಂಟ್ ಕೊಡೋ ವಿಷಯದಲ್ಲಿ ಕಾನೂನು ನಿಮ್ಮ ಕಡೆ ಗಟ್ಟಿಯಾಗೇ ಇದೆ. 2003ರ ವಿದ್ಯುತ್ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಒಂದು ಜಾಗದ ಓನರ್ ಆಗಲಿ ಅಲ್ಲಿ ವಾಸ ಇರೋರಾಗಲಿ ಅರ್ಜಿ ಹಾಕಿದ್ರೆ ಸರಬರಾಜು ಮಾಡೋದು ಬೆಸ್ಕಾಂನಂಥ ಕಂಪನಿಯ ಕರ್ತವ್ಯ. 2018ರ ಏಪ್ರಿಲಲ್ಲಿ ಕೇಂದ್ರ ಇಂಧನ ಇಲಾಖೆ ಇನ್ನೊಂದು ಗೊಂದಲ ಬಗೆಹರಿಸ್ತು, ಗಾಡಿ ಚಾರ್ಜ್ ಮಾಡ್ಕೊಡೋದು ವಿದ್ಯುತ್ ಮಾರಾಟ ಅಲ್ಲ, ಅದೊಂದು ಸರ್ವೀಸ್, ಲೈಸೆನ್ಸ್ ಬೇಕಾಗಿಲ್ಲ ಅಂತ. ಈ ಒಂದು ಮಾತಿಂದಾನೇ ಇವತ್ತು ಹೋಟೆಲ್ ಮುಂದೆ, ಮಾಲ್ ಒಳಗೆ, ಕಿರಾಣಿ ಅಂಗಡಿ ಪಕ್ಕ ಎಲ್ಲಾ ಚಾರ್ಜರ್ ಬಂದಿರೋದು. ಆಮೇಲೆ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಬಂದ್ವು, ಅದಕ್ಕೆ 2024ರ ಫೆಬ್ರವರಿಯಲ್ಲಿ ತಿದ್ದುಪಡಿ ಆಯ್ತು. ನಿಮಗೆ ಬೇಕಾಗಿರೋದು ಇದೇ. ಗ್ರಾಹಕ ತನ್ನ ಇವಿ ಚಾರ್ಜ್ ಮಾಡ್ಕೊಳ್ಳೋಕೆ ಬೇರೆ ಕನೆಕ್ಷನ್ ಕೇಳಬಹುದು ಅಂತ ಅದರಲ್ಲಿ ಸ್ಪಷ್ಟವಾಗಿದೆ, ಹೊಸ ಕನೆಕ್ಷನ್ ಕೊಡೋ ಗಡುವನ್ನ ಮಹಾನಗರದಲ್ಲಿ 7 ದಿನದಿಂದ 3 ದಿನಕ್ಕೆ, ಬೇರೆ ಊರುಗಳಲ್ಲಿ 15ರಿಂದ 7ಕ್ಕೆ, ಹಳ್ಳಿಗಳಲ್ಲಿ 30ರಿಂದ 15ಕ್ಕೆ ಇಳಿಸಿದಾರೆ. ಮೂರೇ ದಿನಕ್ಕೆ ಮೀಟರ್ ಬಂದು ಕೂರತ್ತಾ ಅಂತ ನಗಬೇಡಿ, ಗಡುವು ಕಾನೂನಲ್ಲಿದೆ ಅಂದ್ರೆ ತಡ ಆದಾಗ ದೂರು ಕೊಡಕ್ಕೆ ದಾರಿ ಇದೆ ಅಂತ ಅರ್ಥ.

ಇಷ್ಟೆಲ್ಲಾ ಇದ್ಮೇಲೆ ತೊಂದರೆ ಎಲ್ಲಿ? ದೇವರು ವರ ಕೊಟ್ರೂ ಪೂಜಾರಿ ಕೊಡ್ಬೇಕಲ್ಲ. ಆ 43ನೇ ಸೆಕ್ಷನ್ ಹೇಳೋದು ನಿಮ್ಮ ಜಾಗಕ್ಕೆ ಅಂತ, ಬೇಸ್‌ಮೆಂಟ್ ನಿಮ್ಮ ಜಾಗಾನಾ? ನಮ್ಮ 1972ರ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆಯಲ್ಲಿ ಬೇಸ್‌ಮೆಂಟ್, ಪಾರ್ಕಿಂಗ್ ಏರಿಯಾ ಎಲ್ಲಾ ಸಾಮಾನ್ಯ ಜಾಗದ ವ್ಯಾಖ್ಯೆಯೊಳಗೆ ಬರತ್ತೆ. ಬಿಲ್ಡರ್ ನಿಮಗೆ ಪಾರ್ಕಿಂಗ್ ಕೊಟ್ಟಿದಾನೆ, ಕಂಬದ ಮೇಲೆ ನಿಮ್ಮ ಫ್ಲ್ಯಾಟ್ ನಂಬರ್ ಬರೆದಿದಾನೆ, ಸರಿ. ಆದ್ರೆ ಆ ಕಂಬ, ಆ ಗೋಡೆ, ಮೀಟರ್ ರೂಮಿಂದ ನಿಮ್ಮ ಜಾಗದವರೆಗೆ ಕೇಬಲ್ ಹೋಗೋ ಸೀಲಿಂಗ್, ಯಾವುದೂ ನಿಮ್ಮೊಬ್ರದ್ದಲ್ಲ. ಅದಕ್ಕೇ ಬೆಸ್ಕಾಂ ಆಫೀಸಲ್ಲಿ ಸಾಮಾನ್ಯವಾಗಿ ಅಸೋಸಿಯೇಷನ್ ಎನ್‌ಒಸಿ, ಅಂದ್ರೆ ನಮ್ಮ ಆಕ್ಷೇಪಣೆ ಇಲ್ಲ ಅನ್ನೋ ಪತ್ರ, ಕೇಳೋದು, ಅವರು ಬೇಕೂಂತ ಸತಾಯಿಸ್ತಿದಾರೆ ಅಂತ ಅಲ್ಲ. ಅಂದ್ರೆ ನಿಮಗೆ ಕರೆಂಟಿನ ಹಕ್ಕಿದೆ, ಗೋಡೆಯ ಹಕ್ಕಿಲ್ಲ. ಈ ಸಂದಿಯಲ್ಲೇ ಬೆಂಗಳೂರಿನ ಅರ್ಧ ಇವಿ ಜಗಳಗಳು ಸಿಕ್ಕಾಕೊಂಡಿರೋದು.

ಕನೆಕ್ಷನ್ ಎರಡು ತರ ತಗೋಬಹುದು. ನಿಮ್ಮ ಮನೆ ಮೀಟರಿಂದಾನೇ ಕೆಳಗೆ ಒಂದು ಲೈನ್ ಎಳ್ಕೊಳ್ಳೋದು, ಇಲ್ಲಾಂದ್ರೆ ಇವಿಗೇ ಅಂತ ಬೇರೆ ಮೀಟರ್. ಮನೆ ಮೀಟರ್ ಸುಲಭ, ಆದ್ರೆ ಅಲ್ಲೊಂದು ಗುಂಡಿ ಇದೆ, ಗೃಹಜ್ಯೋತಿ. ತಿಂಗಳಿಗೆ ಸುಮಾರು ಸಾವಿರ ಕಿಲೋಮೀಟರ್ ಓಡಿಸ್ತೀರ ಅಂದ್ಕೊಳ್ಳಿ, ಯೂನಿಟ್‌ಗೆ 7 ಕಿಲೋಮೀಟರ್ ಅಂದ್ರೂ 140 ಯೂನಿಟ್ ಹತ್ರ ಬರತ್ತೆ. ಮನೆ ಬಳಕೆ 110 ಇದ್ರೆ ಎರಡೂ ಸೇರಿ 250. 200 ದಾಟಿದ ತಿಂಗಳು ಜೀರೋ ಬಿಲ್ ಹೋಯ್ತು, ಬರೀ ಹೆಚ್ಚಿನ 50ಕ್ಕಲ್ಲ, ಪೂರ್ತಿ 250ಕ್ಕೂ ಬಿಲ್. ಮನೆ ಟ್ಯಾರಿಫ್ 2025-26ರಲ್ಲಿ ಯೂನಿಟ್‌ಗೆ 5.80 ಇತ್ತು, ಆ ಲೆಕ್ಕದಲ್ಲಿ 1,450 ರೂಪಾಯಿ, ಫಿಕ್ಸೆಡ್ ಚಾರ್ಜ್ ಬೇರೆ, ಟ್ಯಾಕ್ಸ್ ಬೇರೆ. ಇಷ್ಟು ದಿನ ಸೊನ್ನೆ ಬರ್ತಿದ್ದ ಮನೆ ಅದು. ಬೇರೆ ಮೀಟರ್ ಹಾಕಿಸಿದ್ರೆ ಮನೆಯದ್ದು ಹಾಗೇ ಜೀರೋ ಇರತ್ತೆ, ಗಾಡಿದು ಇವಿ ಕೆಟಗರಿಯಲ್ಲಿ, ಎಲ್‌ಟಿ-6(ಸಿ) ಅಂತಾರೆ, ಅಲ್ಲಿ ಬರತ್ತೆ. ಇವಿಗೇ ಅಂತ ಪ್ರತ್ಯೇಕ ದರ ಕೆಇಆರ್‌ಸಿ, ಅಂದ್ರೆ ರಾಜ್ಯದಲ್ಲಿ ಕರೆಂಟ್ ದರ ನಿಗದಿ ಮಾಡೋ ಆಯೋಗ, 2018ರಲ್ಲೇ ಮಾಡಿತ್ತು, ಆಗ ಯೂನಿಟ್‌ಗೆ 4.85. ಈಗ 5 ರೂಪಾಯಿ ಅಂತಾನೇ ಲೆಕ್ಕ ಹಾಕಿದ್ರೂ 140 ಯೂನಿಟ್‌ಗೆ 700. ಮೀಟರ್ ಡಿಪಾಸಿಟ್, ಕೇಬಲ್ ಖರ್ಚು ಒಂದ್ಸಲ ಬಿದ್ರೂ ನಿಮ್ಮಂಥ ಮನೆಗೆ ಬೇರೆ ಮೀಟರೇ ಲೇಸು. ಅದೇ ಬರೀ ಸ್ಕೂಟರ್ ಇರೋರಾದ್ರೆ ಬೇಡ, ತಿಂಗಳಿಗೆ ಮೂವತ್ತು ನಲವತ್ತು ಯೂನಿಟ್‌ಗೆ ಅಷ್ಟು ರಗಳೆ ಯಾಕೆ.

ಅಸೋಸಿಯೇಷನ್‌ನವರ ಭಯದ ಬಗ್ಗೆ ಹೇಳ್ಬೇಕು, ಯಾಕಂದ್ರೆ ಎಲ್ಲರೂ ಅವರನ್ನ ವಿಲನ್ ಮಾಡ್ತಾರೆ. ಲೋಡ್ ಬಗ್ಗೆ ಅವರು ಹೇಳೋದರಲ್ಲಿ ನ್ಯಾಯ ಇದೆ. 60 ಮನೆಯವರೂ ಶೋರೂಮಲ್ಲಿ ಕೊಟ್ಟ 7.4 ಕಿಲೋವ್ಯಾಟ್ ವಾಲ್‌ಬಾಕ್ಸ್ (ಗೋಡೆಗೆ ಹಾಕೋ ಚಾರ್ಜರ್) ಹಾಕಿ ರಾತ್ರಿ ಹತ್ತಕ್ಕೆ ಒಟ್ಟಿಗೆ ಆನ್ ಮಾಡಿದ್ರೆ 444 ಕಿಲೋವ್ಯಾಟ್, ಅಷ್ಟು ತಡ್ಕೊಳ್ಳೋ ಟ್ರಾನ್ಸ್‌ಫಾರ್ಮರ್ ಹಳೇ ಅಪಾರ್ಟ್‌ಮೆಂಟಲ್ಲಿ ಇರಲ್ಲ. ಮೊದಲು ಬಂದ ಐದು ಜನಕ್ಕೆ ಇರೋ ಲೋಡೆಲ್ಲ ಹೋಗಿ ಆರನೆಯವನು ಟ್ರಾನ್ಸ್‌ಫಾರ್ಮರ್ ಖರ್ಚು ಹೊರಬೇಕಾ ಅನ್ನೋದು ಸರಿಯಾದ ಪ್ರಶ್ನೆ. ಆದ್ರೆ ಉತ್ತರ ಬೇಡ ಅನ್ನೋದಲ್ಲ. ನೀವು ದಿನಕ್ಕೆ ನಲವತ್ತು ಕಿಲೋಮೀಟರ್ ಓಡಿಸೋರಿಗೆ ಬೇಕಾಗಿರೋದು ಆರು ಯೂನಿಟ್, ಮಾಮೂಲಿ 3.3 ಕಿಲೋವ್ಯಾಟ್ ಸಾಕೆಟಲ್ಲಿ ಎರಡು ಗಂಟೆ ಕೆಲಸ. ಎಲ್ಲರಿಗೂ 3.3ಕ್ಕಿಂತ ಹೆಚ್ಚು ಬೇಡ, ರಾತ್ರಿ ಹನ್ನೊಂದರ ಮೇಲೆ ಸರದಿ ಮೇಲೆ ಚಾರ್ಜ್ ಆಗೋ ಹಾಗೆ ಲೋಡ್ ಹಂಚೋ ಸಾಧನ ಹಾಕೋಣ ಅಂತ ಒಂದು ರೂಲ್ ಮಾಡಿದ್ರೆ ಗಲಾಟೆ ಅರ್ಧ ಮುಗೀತು. ನೀವೇ ಮೊದಲು 7.4 ಬೇಡ 3.3 ಸಾಕು ಅಂತ ಬರ್ಕೊಡಿ, ನೋಡಿ ಮಾತು ಹೇಗೆ ಬದಲಾಗತ್ತೆ ಅಂತ.

ಬೆಂಕಿ ವಿಷಯದಲ್ಲಿ ನಾನು ನೋಡಿರೋ ನಿಜವಾದ ಅಪಾಯ ಕಾರಲ್ಲಿ ಇರಲಿಲ್ಲ, ವೈರಲ್ಲಿತ್ತು. ಒಂದು ಕಡೆ ಲೋಡ್ ಚೆಕ್ ಮಾಡಕ್ಕೆ ಹೋಗಿದ್ದೆ, ಚಾರ್ಜರ್‌ಗೆ ಪರ್ಮಿಶನ್ ಕೊಡಲ್ಲ ಅಂತ ಬೋರ್ಡ್ ಹಾಕಿದಾರೆ, ಅದೇ ಬೋರ್ಡ್ ಕೆಳಗೆ ಮೊದಲ ಮಹಡಿ ಬಾಲ್ಕನಿಯಿಂದ ಕೇಸರಿ ಬಣ್ಣದ ಎಕ್ಸ್‌ಟೆನ್ಷನ್ ವೈರ್ ಇಳಿಬಿಟ್ಟು, ಮಳೆ ನೀರು ಬೀಳ್ಬಾರ್ದು ಅಂತ ಜಂಕ್ಷನ್ ಬಾಕ್ಸ್‌ಗೆ ಹಾಲಿನ ಕವರ್ ಸುತ್ತಿ, ಯಾರೋ ಒಬ್ರು ಆರಾಮಾಗಿ ಕಾರ್ ಚಾರ್ಜ್‌ಗೆ ಹಾಕಿದ್ರು. ಪ್ಲಗ್ ಮುಟ್ಟಿದ್ರೆ ಬಿಸಿ. ಅನುಮತಿ ಕೊಡದೆ ಇದ್ರೆ ಚಾರ್ಜಿಂಗ್ ನಿಲ್ಲಲ್ಲ, ಹೀಗೆ ಆಗತ್ತೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿ 2019ರಿಂದ ಇವಿ ಚಾರ್ಜಿಂಗ್‌ಗೇ ಒಂದು ಅಧ್ಯಾಯ ಇದೆ. ಎಕ್ಸ್‌ಟೆನ್ಷನ್ ವೈರ್ ಹಾಕಿ ಚಾರ್ಜ್ ಮಾಡೋ ಹಾಗಿಲ್ಲ, ಸಾಕೆಟ್ ನೆಲದಿಂದ ಕನಿಷ್ಠ 800 ಮಿಲಿಮೀಟರ್ ಮೇಲಿರ್ಬೇಕು, 30 ಮಿಲಿಆಂಪ್‌ಗಿಂತ ಹೆಚ್ಚಿಲ್ಲದ ಲೀಕೇಜ್‌ಗೇ ಟ್ರಿಪ್ ಆಗೋ ಆರ್‌ಸಿಸಿಬಿ ತರದ ರಕ್ಷಣೆ ಬೇಕು, ಗಾಡಿ ನಿಂತಾಗ ಚಾರ್ಜಿಂಗ್ ಪಾಯಿಂಟಿಂದ ಐದು ಮೀಟರ್ ಒಳಗಿರ್ಬೇಕು. ಬೇಸ್‌ಮೆಂಟಲ್ಲಿ ಮಳೆಗಾಲಕ್ಕೆ ನೀರು ನಿಲ್ಲೋ ನಮ್ಮೂರಲ್ಲಿ ಆ 800 ಮಿಲಿಮೀಟರ್ ನಿಯಮ ಎಷ್ಟು ಮುಖ್ಯ ಅಂತ ಬೆಳ್ಳಂದೂರು ಕಡೆಯವರನ್ನ ಕೇಳಿ. ಲೋಹದ ಕವಚ ಇರೋ ಆರ್ಮರ್ಡ್ ಕೇಬಲ್, ಸರಿಯಾದ ಅರ್ಥಿಂಗ್, ಲೈಸೆನ್ಸ್ ಇರೋ ಕಂಟ್ರಾಕ್ಟರ್ ಕೊಟ್ಟ ಟೆಸ್ಟ್ ರಿಪೋರ್ಟ್, ಇಷ್ಟು ಇದ್ರೆ ನಿಮ್ಮ ಪಕ್ಕದ ಮನೆಯ ಗೀಸರ್‌ಗಿಂತ ನಿಮ್ಮ ಚಾರ್ಜರೇ ಸೇಫ್.

ನಿಮ್ಮಣ್ಣ ಹೇಳಿದ್ದು ನಿಜ. ಕ್ಯಾಲಿಫೋರ್ನಿಯಾದ ಸಿವಿಲ್ ಕೋಡ್ 4745ನೇ ಸೆಕ್ಷನ್, ಅಸೋಸಿಯೇಷನ್‌ಗಳು ಚಾರ್ಜರ್‌ಗೆ ಅಡ್ಡಿ ಮಾಡೋ ಹಾಗಿಲ್ಲ, ಸಮಂಜಸವಾದ ಷರತ್ತು ಹಾಕಬಹುದು ಅಷ್ಟೆ. ಅರ್ಜಿ ಕೊಟ್ಟು 60 ದಿನದೊಳಗೆ ಬರಹದಲ್ಲಿ ನಿರಾಕರಿಸದೆ ಇದ್ರೆ ಒಪ್ಪಿದ ಹಾಗೆ ಲೆಕ್ಕ. ಅಲ್ಲಿನವರು ಹೇಳದೆ ಬಿಡೋ ಇನ್ನರ್ಧಾನೂ ಕೇಳಿ, ಹಾಕೋ ಖರ್ಚು, ಕರೆಂಟ್ ಖರ್ಚು, ರಿಪೇರಿ, ಕಟ್ಟಡಕ್ಕೆ ಹಾನಿ ಆದ್ರೆ ಅದು, ಜೊತೆಗೆ ಇನ್ಶೂರೆನ್ಸ್, ಎಲ್ಲಾ ಗಾಡಿ ಓನರ್ ತಲೆ ಮೇಲೆ. ಹಕ್ಕೂ ಅವನದ್ದೇ, ಹೊಣೆಯೂ ಅವನದ್ದೇ. ಜರ್ಮನಿಯಲ್ಲೂ 2020ರ ಡಿಸೆಂಬರಿಂದ ಫ್ಲ್ಯಾಟ್ ಓನರ್ ಚಾರ್ಜಿಂಗ್ ಪಾಯಿಂಟ್ ಕೇಳೋದು ಕಾನೂನಿನ ಹಕ್ಕು, ಹೇಗೆ ಮಾಡ್ಬೇಕು ಅನ್ನೋದನ್ನ ಮಾತ್ರ ಉಳಿದ ಓನರ್‌ಗಳು ಸೇರಿ ತೀರ್ಮಾನ ಮಾಡಬಹುದು.

ನಮ್ಮಲ್ಲಿ ಯಾಕಿಲ್ಲ ಅಂದ್ರೆ, ನಮ್ಮೋರು ಈ ಸಮಸ್ಯೆನ ಹೊಸ ಕಟ್ಟಡದ ಕಡೆಯಿಂದ ಹಿಡ್ಕೊಂಡ್ರು. ಕೇಂದ್ರದವರು 2019ರ ಫೆಬ್ರವರಿಯಲ್ಲಿ ಮಾದರಿ ಕಟ್ಟಡ ಬೈಲಾಗೆ ತಿದ್ದುಪಡಿ ತಂದು ಒಟ್ಟು ಪಾರ್ಕಿಂಗಲ್ಲಿ 20 ಪರ್ಸೆಂಟ್‌ಗೆ ಚಾರ್ಜಿಂಗ್ ವ್ಯವಸ್ಥೆ ಇರ್ಬೇಕು, ಅದಕ್ಕೆ ತಕ್ಕ ಹೆಚ್ಚುವರಿ ಲೋಡ್ ಮೊದಲೇ ತಗೊಂಡಿರ್ಬೇಕು ಅಂದ್ರು. ಮಾದರಿ ಅಂದ್ರೆ ಮಾದರಿ ಅಷ್ಟೆ, ಕಟ್ಟಡ ರಾಜ್ಯದ ವಿಷಯ ಆಗಿರೋದ್ರಿಂದ ಪ್ರತಿ ರಾಜ್ಯ ತನ್ನ ನಿಯಮದೊಳಗೆ ತಂದ್ಕೊಂಡಾಗ ಮಾತ್ರ ಜೀವ. ತಂದ್ಕೊಂಡ್ರೂ ಅದು ಇನ್ನು ಮುಂದೆ ಪ್ಲಾನ್ ಸ್ಯಾಂಕ್ಷನ್ ಆಗೋ ಕಟ್ಟಡಕ್ಕೆ, ನಿಮ್ಮ ಹಾಗೆ ಆಗಲೇ ಕಟ್ಟಿ ಮುಗಿದಿರೋ ಅಪಾರ್ಟ್‌ಮೆಂಟಲ್ಲಿ ಇರೋ ಲಕ್ಷಾಂತರ ಜನಕ್ಕೆ ಏನೂ ಇಲ್ಲ. ಡೆಲ್ಲಿಯವರು 2020ರ ಪಾಲಿಸಿಯಲ್ಲಿ ಬೇರೆ ದಾರಿ ಹಿಡಿದ್ರು, ಮೊದಲ 30,000 ಚಾರ್ಜಿಂಗ್ ಪಾಯಿಂಟ್‌ಗೆ ತಲಾ 6,000 ರೂಪಾಯಿವರೆಗೆ ಕೊಡ್ತೀವಿ ಅಂತ, ಮನೆ ಅಪಾರ್ಟ್‌ಮೆಂಟ್ ಎಲ್ಲಾ ಸೇರಿ. ದುಡ್ಡು ಸಣ್ಣದಾದ್ರೂ ಯೋಚನೆ ಸರಿ ಇತ್ತು, ಜನ ಗಾಡಿ ಚಾರ್ಜ್ ಮಾಡೋದು ರಾತ್ರಿ ಮಲಗೋ ಜಾಗದಲ್ಲಿ. ನಮ್ಮ ರಾಜ್ಯ ಪಬ್ಲಿಕ್ ಚಾರ್ಜಿಂಗ್ ಸ್ಟೇಷನ್ ಲೆಕ್ಕದಲ್ಲಿ ದೇಶಕ್ಕೇ ಮೊದಲು ಅಂತ ಹೆಮ್ಮೆ ಪಡತ್ತೆ, 2024ರಲ್ಲೇ ಐದು ಸಾವಿರ ದಾಟಿತ್ತು, ಅದರಲ್ಲಿ ಸುಮಾರು 85 ಪರ್ಸೆಂಟ್ ಬೆಂಗಳೂರು ನಗರ ಜಿಲ್ಲೆಯೊಳಗೇ ಇತ್ತು ಅನ್ನೋದನ್ನ ಸ್ವಲ್ಪ ಮೆಲ್ಲಗೆ ಹೇಳತ್ತೆ. ನನ್ನ ಕೇಳಿದ್ರೆ ಇನ್ನೊಂದು ಸಾವಿರ ಸ್ಟೇಷನ್‌ಗಿಂತ 1972ರ ಆ ಅಪಾರ್ಟ್‌ಮೆಂಟ್ ಕಾಯ್ದೆಗೆ ಎರಡೇ ಸಾಲು ಸೇರಿಸಿದ್ರೆ ಹೆಚ್ಚು ಗಾಡಿ ರಸ್ತೆಗೆ ಬರತ್ತೆ: ಓನರ್ ತನ್ನ ಖರ್ಚಲ್ಲಿ, ಸುರಕ್ಷತಾ ನಿಯಮದಂತೆ ಚಾರ್ಜರ್ ಹಾಕ್ಕೊಳ್ಳೋದನ್ನ ಸಂಘ ಅಕಾರಣವಾಗಿ ತಡೆಯೋ ಹಾಗಿಲ್ಲ, ಇಷ್ಟು ದಿನದೊಳಗೆ ಕಾರಣ ಬರೆದು ಉತ್ತರ ಕೊಡದಿದ್ರೆ ಒಪ್ಪಿಗೆ ಅಂತ ತಿಳೀಬೇಕು. ಇದಕ್ಕೆ ಖಜಾನೆಯಿಂದ ಒಂದು ರೂಪಾಯಿ ಹೋಗಲ್ಲ. ಅದಕ್ಕೇ ಇರಬೇಕು ಯಾರೂ ಉದ್ಘಾಟನೆ ಮಾಡಕ್ಕೆ ಮುಂದೆ ಬರ್ತಿಲ್ಲ.

ಗೈಡ್‌ಲೈನ್ ಅಂತ ಇನ್ನೊಂದು ಕಾಗದ ನಿಮಗೆ ವಾಟ್ಸಾಪಲ್ಲಿ ಬಂದೇ ಬರತ್ತೆ. 2024ರ ಸೆಪ್ಟೆಂಬರಲ್ಲಿ ಕೇಂದ್ರ ಇಂಧನ ಇಲಾಖೆ ಹೊರಡಿಸಿದ್ದು. ನಗರದಲ್ಲಿ ಒಂದು ಕಿಲೋಮೀಟರ್ ಚೌಕಕ್ಕೆ ಒಂದು ಸ್ಟೇಷನ್, ಹೈವೇಯಲ್ಲಿ 20 ಕಿಲೋಮೀಟರ್‌ಗೊಂದು, ಬೆಳಗ್ಗೆ 9ರಿಂದ ಸಂಜೆ 4ರ ಬಿಸಿಲ ಹೊತ್ತಲ್ಲಿ ಸ್ಟೇಷನ್‌ಗಳಿಗೆ ಸರಬರಾಜಿನ ಸರಾಸರಿ ಖರ್ಚಿನ 0.7 ಪಟ್ಟು ದರ, ಉಳಿದ ಹೊತ್ತು 1.3 ಪಟ್ಟು, ಹೀಗೆಲ್ಲ ಇದೆ. ಒಳ್ಳೆಯದೇ. ಆದ್ರೆ ನಿಮ್ಮ ಬಿಲ್ ಬರೋದು ಕೆಇಆರ್‌ಸಿ ಟ್ಯಾರಿಫ್ ಆರ್ಡರ್ ಪ್ರಕಾರ, ಗೈಡ್‌ಲೈನ್ ಪ್ರಕಾರ ಅಲ್ಲ. ಮನೆಯಲ್ಲಿ, ಆಫೀಸಲ್ಲಿ ಸ್ವಂತ ಚಾರ್ಜಿಂಗ್‌ಗೆ ಅವಕಾಶ ಇದೆ, ಡಿಸ್ಕಾಂ, ಅಂದ್ರೆ ಬೆಸ್ಕಾಂನಂಥ ಕಂಪನಿ, ಅದಕ್ಕೆ ಸಹಾಯ ಮಾಡಬಹುದು ಅನ್ನೋ ಮಾತು 2018ರ ಮೊದಲ ಗೈಡ್‌ಲೈನಿಂದಾನೂ ಇದೆ, ಪತ್ರದಲ್ಲಿ ಉಲ್ಲೇಖ ಮಾಡಕ್ಕೆ ಅದು ಉಪಯೋಗಕ್ಕೆ ಬರತ್ತೆ.

ಈಗ ಏನು ಮಾಡ್ಬೇಕು ಅಂದ್ರೆ, ಬಾಯಿಮಾತು ಬಿಡಿ. ಸೆಕ್ರೆಟರಿಗೆ ಒಂದು ಪತ್ರ ಬರೀರಿ, ಇಮೇಲ್ ಜೊತೆ ಕಾಗದದಲ್ಲೂ ಕೊಟ್ಟು ಸೀಲ್ ಹಾಕಿಸ್ಕೊಳ್ಳಿ. ಅದರಲ್ಲಿ 3.3 ಕಿಲೋವ್ಯಾಟ್ ಸಾಕು ಅಂತ, ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗತ್ತೆ ಅಂತ ಒಂದು ಸ್ಕೆಚ್, ಎಲ್ಲಾ ಖರ್ಚು ನಿಮ್ಮದೇ, ಕಟ್ಟಡಕ್ಕೆ ಹಾನಿ ಆದ್ರೆ ಜವಾಬ್ದಾರಿ ನಿಮ್ಮದು, ಮುಂದೆ ಎಲ್ಲರಿಗೂ ಸೇರಿ ವ್ಯವಸ್ಥೆ ಆದಾಗ ಅದಕ್ಕೆ ಸೇರ್ಕೊತೀನಿ, ಲೈಸೆನ್ಸ್ಡ್ ಕಂಟ್ರಾಕ್ಟರ್ ರಿಪೋರ್ಟ್ ಲಗತ್ತಿಸಿದೀನಿ, ಇಷ್ಟಿರಲಿ. ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಹೊರಿಸೋ ಹೊಣೆನ ನೀವೇ ಹೊತ್ಕೊಂಡ ಹಾಗಾಯ್ತು. 2024ರ ತಿದ್ದುಪಡಿ ಪ್ರತಿ ಇಟ್ಟು, ಒಪ್ಪದಿದ್ರೆ ಕಾರಣ ಬರಹದಲ್ಲಿ ಕೊಡಿ ಅಂತ ಕೊನೇ ಸಾಲಲ್ಲಿ ಕೇಳಿ. ಕಾರಣ ಬರೀಬೇಕು ಅಂದ ತಕ್ಷಣ ಅರ್ಧ ಕಮಿಟಿಗಳು ಮೆತ್ತಗಾಗ್ತಾವೆ.

ಆಗ್ಲೂ ಬೇಡ ಅಂದ್ರೆ ಎರಡನೇ ಆಫರ್ ಇಡಿ. ಅಸೋಸಿಯೇಷನ್ ಹೆಸರಲ್ಲೇ ಒಂದು ಇವಿ ಕನೆಕ್ಷನ್ ತಗೊಂಡು ಗೆಸ್ಟ್ ಪಾರ್ಕಿಂಗಲ್ಲಿ ಎರಡು ಮೂರು ಪಾಯಿಂಟ್ ಹಾಕಿ ಬಳಸಿದೋರ ಹತ್ರ ಯೂನಿಟ್ ಲೆಕ್ಕದಲ್ಲಿ ವಸೂಲಿ ಮಾಡೋದು. ಆಗಲೇ ಹೇಳಿದ ಹಾಗೆ ಲೈಸೆನ್ಸ್ ಬೇಕಾಗಿಲ್ಲ. ಸಣ್ಣ ಅಪಾರ್ಟ್‌ಮೆಂಟ್‌ಗೆ ಇದೇ ವಾಸಿ ಅಂತ ನನಗನಿಸತ್ತೆ, ಬಾಡಿಗೆಗೆ ಇರೋರಿಗೂ ಅನುಕೂಲ. ಇದನ್ನ ಎಜಿಎಂ (ವಾರ್ಷಿಕ ಸಾಮಾನ್ಯ ಸಭೆ) ಅಜೆಂಡಾದಲ್ಲಿ ಸೇರಿಸಕ್ಕೆ ಎಷ್ಟು ಸದಸ್ಯರ ಸಹಿ ಬೇಕು ಅಂತ ನಿಮ್ಮ ಬೈಲಾದಲ್ಲಿ ನೋಡಿ, ಮುಂದೆ ಇವಿ ತಗೊಳ್ಳೋ ಆಸೆ ಇರೋ ನಾಲ್ಕು ಮನೆ ಸಿಕ್ಕೇ ಸಿಗತ್ತೆ.

ಎನ್‌ಒಸಿ ಸಿಕ್ಕಿ ಬೆಸ್ಕಾಂ ಕಡೆಯಿಂದ ತಡ ಆದ್ರೆ ಮೊದಲು ಸಬ್‌ಡಿವಿಷನ್‌ನಲ್ಲಿ ಬರಹದ ದೂರು, ಆಮೇಲೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ಓಂಬುಡ್ಸ್‌ಮನ್, ವಕೀಲರೇ ಬೇಕು ಅಂತಿಲ್ಲ. ಅಸೋಸಿಯೇಷನ್ ವಿರುದ್ಧ ಹೋಗೋದು ಮಾತ್ರ ಉದ್ದದ ದಾರಿ, ನಿಮ್ಮ ಸಂಘ ಸೊಸೈಟಿ ಕಾಯ್ದೆಯಲ್ಲಿ ರಿಜಿಸ್ಟರ್ ಆಗಿದೆಯಾ, ಅಪಾರ್ಟ್‌ಮೆಂಟ್ ಕಾಯ್ದೆಯಲ್ಲಿ ಡೀಡ್ ಆಫ್ ಡಿಕ್ಲರೇಶನ್ (ಘೋಷಣಾ ಪತ್ರ) ಆಗಿದೆಯಾ ಅನ್ನೋದರ ಮೇಲೆ ಯಾವ ಕಡೆ ಹೋಗ್ಬೇಕು ಅನ್ನೋದು ನಿಂತಿದೆ, ಆ ಕಾಗದಗಳನ್ನ ಈಗಲೇ ತೆಗೆದಿಟ್ಕೊಳ್ಳಿ. ಕಾರ್ ಬುಕಿಂಗ್ ಅಡ್ವಾನ್ಸ್ ಕಟ್ಟೋದನ್ನ ಎನ್‌ಒಸಿ ಕೈಗೆ ಬರೋವರೆಗೆ ತಡೀರಿ. ಕಮಿಟಿಯವರು ಬರಹದಲ್ಲಿ ಏನಾದ್ರೂ ಕಾರಣ ಕೊಟ್ರೆ ಅದರ ಪ್ರತಿ, ಬೈಲಾದ ಪಾರ್ಕಿಂಗ್ ಪುಟ ಎರಡನ್ನೂ ಕಳಿಸಿ, ಯಾವ ಪಾಯಿಂಟ್‌ಗೆ ಹೇಗೆ ಉತ್ತರ ಕೊಡಬಹುದು ಅಂತ ನೋಡಿ ಹೇಳ್ತೀನಿ.